ನಾಲ್ಕನೇ ಮೂಲೆಯ ಕಲ್ಲು

ನನಗೆ ಸಿಟ್ಟು ಜಾಸ್ತಿ ಎಂದು ನವಿ ಮುಂಬಯಿಯ ಕಾಮೋಠೆಯ ನಮ್ಮ ಸೊಸೈಟಿಯಲ್ಲಿ ಎಲ್ಲರೂ ಹೇಳುತ್ತಾರೆ. ಬರದೆ ಏನು ಮಾಡೀತು? ಐದನೆಯ ಮಾಳಿಗೆಯಲ್ಲಿ, ಟೆರೇಸಿನ ಕೆಳಗೇ ನಮ್ಮ ಮನೆ. ಮೂರು ಮಳೆಗಾಲವೂ ನಮ್ಮ ಹಿಂದಿನ ಕೋಣೆಯ ಚಾವಣಿಯಿಂದ ನೀರು ತೊಟ್ಟಿಕ್ಕಿತು. ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತಾರಲ್ಲ, ನಮ್ಮಲ್ಲಿ ನವರಾತ್ರಿ ಕಳೆದರೂ ಹನಿ ನಿಲ್ಲುತ್ತಿರಲಿಲ್ಲ. ಇದ್ದಬದ್ದ ಪಾತ್ರೆಗಳನ್ನೆಲ್ಲ ನೆಲಕ್ಕೆ ಹರಡಿ, ದೋಸೆ ಹಿಟ್ಟು ಹಾಕಲು ಪಾತ್ರೆಯಿಲ್ಲದೆ ಕೂತವಳು ನಾನು. ಸೊಸೈಟಿಯ ಸೆಕ್ರೆಟರಿ ಲೋಕನಾಥಣ್ಣ ನಮ್ಮ ಊರಿನ ಕಡೆಯವರೇ, ಒಳ್ಳೆಯವರೇ. ಆದರೆ ಅವರ ಮನೆ ಎರಡನೆಯ ಮಾಳಿಗೆಯಲ್ಲಿ. ಸೋರುವುದು ಎಂದರೆ ಏನೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಈ ವರ್ಷ ಮಾತ್ರ ನಾನು ಬಿಡಲಿಲ್ಲ. ಮಗಳು ಪೂಜಿತಾ ಚೊಚ್ಚಲ ಬಸುರಿ. ಡೊಂಬಿವಲಿಯ ಗಂಡನ ಮನೆಯಿಂದ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಡಾಕ್ಟರು ಜೂನ್ ನಡುವಿಗೆ ದಿನ ಕೊಟ್ಟಿದ್ದರು. ಬಾಣಂತನಕ್ಕೆ ನಮ್ಮಲ್ಲಿರುವುದು ಆ ಹಿಂದಿನ ಕೋಣೆ ಒಂದೇ, ಮತ್ತು ಜೂನ್ ಎಂದರೆ ಇಲ್ಲಿ ಮಳೆ. ಹಸಿಗೂಸಿನ ಮೇಲೆ ಸ್ಲ್ಯಾಬಿನ ನೀರು ಬಿದ್ದರೆ ಬೀಗರ ಮುಂದೆ ನಾನು ಹೇಗೆ ತಲೆಯೆತ್ತಲಿ? ಸೊಸೈಟಿಯ ಮೀಟಿಂಗಿನಲ್ಲಿ ಎದ್ದು ನಿಂತು, ಮಳೆಗೆ ಮುಂಚೆ ಟೆರೇಸು ರಿಪೇರಿಯಾಗದಿದ್ದರೆ ಬಾಣಂತಿಯನ್ನೂ ಕೂಸನ್ನೂ ತಂದು ಲೋಕನಾಥಣ್ಣನ ಹಾಲ್‌ನಲ್ಲೇ ಮಲಗಿಸುತ್ತೇನೆ ಎಂದೆ. ಅವರ ಹೆಂಡತಿ, ಪುಣ್ಯಾತ್ಗಿತ್ತಿ, ಧಾರಾಳವಾಗಿ ಬನ್ನಿ ಎಂದುಬಿಟ್ಟರು. ಲೋಕನಾಥಣ್ಣ ಬೆವರಿ, ಅದೇ ವಾರ ಕೆಲಸ ಕೊಟ್ಟರು.

ಏಪ್ರಿಲ್ ಕೊನೆಗೆ ಯಂಕಪ್ಪ ಬಂದ. ರಾಯಚೂರು ಕಡೆಯವನು. ಹೆಂಡತಿ ಮರಗಮ್ಮನನ್ನೂ ಊರಿನ ನಾಲ್ಕಾರು ಜನರನ್ನೂ ಕಟ್ಟಿಕೊಂಡು ನವಿ ಮುಂಬಯಿಯ ಟೆರೇಸುಗಳಿಗೆ ವಾಟರ್‌ಪ್ರೂಫಿಂಗ್ ಮಾಡುವ ಮೇಸ್ತ್ರಿ. ಹಳೆಯ ಗಾರೆಯನ್ನು ಒಡೆದು ತೆಗೆದರು. ಹೊಸದಕ್ಕೆಂದು ಹಿಂದಿನ ಅರ್ಧಕ್ಕೆ ಜಲ್ಲಿಯನ್ನೂ ಇಟ್ಟಿಗೆಯ ಚೂರನ್ನೂ ಹರಡಿದರು. ಅಷ್ಟರಲ್ಲಿ ಯಂಕಪ್ಪನ ತಂಗಿಯ ಮದುವೆ ಬಂತು, ಇಡೀ ತಂಡ ರೈಲು ಹತ್ತಿ ಊರಿಗೆ ಹೋಯಿತು. ನಾನು ಹಲ್ಲು ಕಚ್ಚಿಕೊಂಡು ಸುಮ್ಮನಾದೆ. ಮದುವೆಗೆ ಹೋಗಬೇಡ ಎನ್ನಲಾಗುತ್ತದೆಯೇ?

ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಮೇಲೆ ಖಾಲಿ ಟೆರೇಸು, ಅದರ ಮೇಲೆ ಮೇ ತಿಂಗಳ ಬಿಸಿಲು. ಕಟಪಾಡಿಯಲ್ಲಿ ಹುಟ್ಟಿದ ಹೆಂಗಸು ಇವೆರಡನ್ನೂ ಒಟ್ಟಿಗೆ ನೋಡಿದರೆ ಸಂಡಿಗೆ ಇಡದೆ ಇರಲಾರಳು. ಒಂದು ಬೆಳಿಗ್ಗೆ ಸಾಬಕ್ಕಿ ಕುದಿಸಿ, ಹಸಿಮೆಣಸು ಜೀರಿಗೆ ಹಾಕಿ, ಪಾತ್ರೆ ಎತ್ತಿಕೊಂಡು ಮೇಲೆ ಹೋದೆ. ನನ್ನದೊಂದು ಹಳೆಯ ಬಿಳಿ ಕಾಟನ್ ಸೀರೆಯಿದೆ, ಒಗೆದು ಒಗೆದು ಬೆಣ್ಣೆಯಷ್ಟು ಮೆತ್ತಗಾದದ್ದು. ಅದನ್ನು ಹಾಸಿ ಸಾಲಾಗಿ ಸಂಡಿಗೆ ಬಿಟ್ಟೆ. ಗಾಳಿಗೆ ಸೀರೆ ಏಳದಂತೆ ನಾಲ್ಕು ಮೂಲೆಗೆ ಕಲ್ಲು ಬೇಕಲ್ಲ, ಜಲ್ಲಿ ಹರಡಿದ ಕಡೆ ಹೋಗಿ ಬಗ್ಗಿದೆ. ಕನ್ನಡಕ ಕೆಳಗೆ ಅಡುಗೆಮನೆಯಲ್ಲಿತ್ತು. ಉದ್ದ ಹಳದಿ ಕಾಲಿನ ಹಕ್ಕಿಯೊಂದು ಅಲ್ಲೇ ಕಿರುಚುತ್ತಾ ಓಡಿತು. ಕಿರುಚಿಕೋ ಎಂದೆ. ಕೈಗೆ ಸಿಕ್ಕಿದ ನಾಲ್ಕು ಕಲ್ಲು ತಂದು ನಾಲ್ಕು ಮೂಲೆಯ ಮಡಿಕೆಗಳಲ್ಲಿ ಇಟ್ಟೆ. ನಾಲ್ಕನೆಯದು ನುಣ್ಣಗೆ, ಬೆಚ್ಚಗೆ, ಸ್ವಲ್ಪ ಹಗುರವಾಗಿತ್ತು. ಬಿಸಿಲಿಗೆ ಕಾದ ಇಟ್ಟಿಗೆಚೂರು ಇರಬೇಕೆಂದುಕೊಂಡು ಕೆಳಗಿಳಿದೆ.

ಆಮೇಲೆ ಶುರುವಾಯಿತು ನೋಡಿ. ಟಿಟ್ಟಿಟೀ, ಟಿಟ್ಟಿಟೀ ಎಂದು ಮೇಲೆ ಒಂದೇ ಸಮನೆ ಬೊಬ್ಬೆ. ಪೂಜಿತಾ ದಿಂಬಿನಿಂದ ಕಿವಿ ಮುಚ್ಚಿಕೊಂಡಳು. ನನ್ನ ಸಂಡಿಗೆಗೆ ಬಾಯಿ ಹಾಕುತ್ತಿವೆ ಎಂದು ಕಸ ಗುಡಿಸುವ ಹಿಡಿಸೂಡಿ ಹಿಡಿದು, ಈ ಸಲ ಕನ್ನಡಕವನ್ನೂ ಹಾಕಿಕೊಂಡು ಮೆಟ್ಟಿಲು ಹತ್ತಿದೆ.

ಆ ಹಕ್ಕಿ ನನ್ನ ಸೀರೆಯ ಮೇಲೇ ನಿಂತಿತ್ತು. ನಾಲ್ಕನೇ ಮೂಲೆಯಲ್ಲಿ, ರೆಕ್ಕೆಗಳನ್ನು ಅರ್ಧ ಬಿಚ್ಚಿಕೊಂಡು. ಕಪ್ಪು ಕುತ್ತಿಗೆ, ಕಣ್ಣಿನ ಮುಂದೆ ಕೆಂಪು ಪಟ್ಟಿ, ಮೈಮೇಲೆ ಮಣ್ಣಿನ ಬಣ್ಣ. ಸಂಡಿಗೆ ಒಂದೂ ಮುಕ್ಕಾಗಿರಲಿಲ್ಲ. ಹಿಡಿಸೂಡಿ ಬೀಸಿದೆ, ಹಾರಿತು. ನೀರಿನ ಟ್ಯಾಂಕಿಯ ಬುಡದಲ್ಲಿ ಪೈಪು ಸೋರಿ ಒಂದು ಸಣ್ಣ ಹೊಂಡವಾಗಿದೆ, ಅದರಲ್ಲಿ ಹೊಟ್ಟೆಯೂರಿ ಕೂತು, ಅತ್ತಿತ್ತ ಅಲ್ಲಾಡಿ, ಎದ್ದು ನೆಟ್ಟಗೆ ಪುನಃ ನನ್ನ ಸೀರೆಗೇ ಬಂತು. ಹೊಟ್ಟೆಯಿಂದ ಕೊಳಕು ನೀರು ನನ್ನ ಸೀರೆಯ ಮೇಲೆ ಬೀಳುತ್ತಿದೆ. ತಲೆ ಕೆಟ್ಟು ಕೆರ ಹಿಡಿದು ಹೋಯಿತು ನನಗೆ. ಟೆರೇಸು ಇಷ್ಟು ದೊಡ್ಡದಿದೆ, ನಿನಗೆ ನಿಲ್ಲಲು ನನ್ನ ಸಂಡಿಗೆ ಸೀರೆಯ ಮೂಲೆಯೇ ಬೇಕೇ ಎಂದು ಹತ್ತಿರ ಹೋದೆ.

ಮೂರು ಮೂಲೆಯ ಕಲ್ಲುಗಳು ಒಣಗಿ ಕಾದಿದ್ದವು. ಈ ಒಂದು ಮಾತ್ರ ಒದ್ದೆಯಾಗಿತ್ತು. ಕೈಗೆತ್ತಿಕೊಂಡೆ. ಜಲ್ಲಿಯದೇ ಮಬ್ಬು ಬಣ್ಣ, ಅದರ ಮೇಲೆ ಕಪ್ಪು ಕಲೆಗಳು, ಒಂದು ತುದಿ ಚೂಪು. ಕನ್ನಡಕ ಇದ್ದದ್ದರಿಂದ ಈಗ ಕಂಡಿತು. ನಾನು ಕಲ್ಲೆಂದು ಎತ್ತಿ ತಂದದ್ದು ಅದರ ಮೊಟ್ಟೆಯನ್ನು.

ಆ ಪ್ರಾಣಿ ಇಷ್ಟು ಹೊತ್ತು ನನ್ನ ಸಂಡಿಗೆ ಕದಿಯಲು ಬಂದದ್ದಲ್ಲ. ಕೂಸು ಬಿಸಿಲಲ್ಲಿ ಬೇಯಬಾರದೆಂದು ನೆರಳು ಹಿಡಿದು, ಹೊಟ್ಟೆಯಲ್ಲಿ ನೀರು ತಂದು ಎರೆಯುತ್ತಿತ್ತು. ನಾನು ಅದಕ್ಕೆ ಹಿಡಿಸೂಡಿ ತೋರಿಸಿದ್ದೆ. ಬಸುರಿ ಇರುವ ಮನೆಯವರು ಹಾವಿಗೂ ಕೋಲೆತ್ತಬಾರದು ಎನ್ನುತ್ತಾರೆ ನಮ್ಮಲ್ಲಿ. ನಾನು ಇನ್ನೊಬ್ಬ ಬಾಣಂತಿಯ ಮಡಿಲಿಗೇ ಕೈ ಹಾಕಿದ್ದೆ.

ಎಲ್ಲಿಂದ ತೆಗೆದೆನೋ ಅಲ್ಲೇ ಇಡೋಣವೆಂದು ಜಲ್ಲಿಯ ಕಡೆ ಹೋದರೆ, ಗೂಡು ಎಲ್ಲಿ? ಕಣ್ಣು ಹಾಯಿಸಿದಷ್ಟೂ ಕಲ್ಲು. ಹೆಜ್ಜೆ ಇಡಲು ಭಯ. ಉಳಿದ ಮೊಟ್ಟೆಗಳು ನನ್ನ ಕಾಲಡಿಯಲ್ಲೇ ಇದ್ದರೂ ಗೊತ್ತಾಗುವ ಹಾಗಿರಲಿಲ್ಲ. ಕೊನೆಗೆ ಟ್ಯಾಂಕಿಯ ಹಿಂದೆ ಕುಕ್ಕರುಗಾಲಿನಲ್ಲಿ ಅಡಗಿ ಕುಳಿತೆ, ಅಂಗೈಯಲ್ಲಿ ಮೊಟ್ಟೆ, ಮೊಣಕಾಲಲ್ಲಿ ನೋವು. ಇನ್ನೊಂದು ಹಕ್ಕಿ, ಅದರ ಜೋಡಿ, ಮೆಲ್ಲ ನಡೆದು ಬಂದು ಒಂದು ಕೆಂಪು ಇಟ್ಟಿಗೆಯ ಪಕ್ಕ ಕೂತಿತು. ಆ ಇಟ್ಟಿಗೆಯನ್ನು ಗುರುತು ಮಾಡಿಕೊಂಡು ಹೋಗಿ ನೋಡಿದರೆ, ಕಡ್ಡಿ ಇಲ್ಲ, ಹತ್ತಿ ಇಲ್ಲ, ಕಲ್ಲಿನ ನಡುವೆ ಒಂದು ಸಣ್ಣ ತಗ್ಗು, ಅದರಲ್ಲಿ ಮೂರು ಮೊಟ್ಟೆ. ನಾಲ್ಕನೆಯದನ್ನು ಇಟ್ಟು, ತಪ್ಪಾಯಿತು ಮಾರಾಯ್ತಿ ಎಂದು ಹೇಳಿ ಬಂದೆ.

ಪೂಜಿತಾಳನ್ನು ಮೆಲ್ಲ ಮೇಲೆ ಹತ್ತಿಸಿ ತೋರಿಸಿದೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಶುರುಮಾಡಿ, ಕನ್ನಡಕ್ಕೆ ಹೊರಳಿ ನನ್ನನ್ನು ಸಮಾಧಾನ ಮಾಡುತ್ತಾಳೆ. ಮೊಬೈಲಿನಲ್ಲಿ ಅರ್ಧ ಗಂಟೆ ಓದಿ, ಇದು ಮರಾಠಿಯವರ ಟಿಟವಿ ಎಂದಳು. ನಮ್ಮ ಟಿಟ್ಟಿಭ. ಮರದಲ್ಲಿ ಗೂಡು ಕಟ್ಟುವ ಜಾತಿಯಲ್ಲ, ಬಯಲಿನ ಕಲ್ಲುಮಣ್ಣಿನಲ್ಲೇ ಮೊಟ್ಟೆ ಇಡುವುದು. ಮರೆ ಇಲ್ಲದ್ದರಿಂದ ಮೊಟ್ಟೆಯೇ ಕಲ್ಲಿನ ವೇಷ ಹಾಕಿಕೊಂಡಿದೆ. ಹೊಟ್ಟೆಯ ಗರಿ ನೀರು ಹೀರಿಕೊಂಡು ಬರುತ್ತದೆ. ಚಳಿಯಿದ್ದಾಗ ಕಾವು ಕೊಡುವ ಅದೇ ಹೊಟ್ಟೆ, ಸುಡುಬಿಸಿಲಿನಲ್ಲಿ ಮೊಟ್ಟೆಗೆ ತಂಪು ಕೊಡುತ್ತದೆ. ಎಲ್ಲ ಕಟ್ಟಡಗಳೆದ್ದು ಬಯಲು ಕಡಿಮೆಯಾಗಿ, ಈಗ ಜಲ್ಲಿ ಕಂಡಲ್ಲಿ ಟೆರೇಸೂ ಆಗುತ್ತದಂತೆ. ನಾನು ಅವಳನ್ನು ಕೇಳಿದ್ದು ಒಂದೇ ಮಾತು, ನಾನು ಎತ್ತಿದ ಮೊಟ್ಟೆ ಮರಿಯಾದೀತೇ ಎಂದು.

"ಪತಾ ನಹೀಂ ಮಮ್ಮಿ," ಎಂದಳು. "ಅದು ನೀರು ಹಾಕಿದೆ ಅಲ್ವಾ. ನೋಡೋಣ."

ಅಲ್ಲಿಗೆ ನನ್ನ ನಿರ್ಧಾರವಾಯಿತು. ನಾಲ್ಕೂ ಮರಿಯಾಗುವವರೆಗೆ ಆ ಜಾಗಕ್ಕೆ ಯಾರೂ ಕೈ ಹಚ್ಚಬಾರದು.

ಕಷ್ಟವೇನೆಂದರೆ, ಆ ಜಾಗ ಇದ್ದದ್ದು ನೆಟ್ಟಗೆ ನನ್ನ ಹಿಂದಿನ ಕೋಣೆಯ ಮೇಲೆ. ಯಂಕಪ್ಪನ ತಂಡ ಮದುವೆ ಮುಗಿಸಿ ಬಂತು. ಲೋಕನಾಥಣ್ಣ ಉಸಿರು ಬಿಡುತ್ತಾ ಮೇಲೆ ಬಂದು ವಿಷಯ ಕೇಳಿ, ಮೊಟ್ಟೆಗಳನ್ನು ಬುಟ್ಟಿಯಲ್ಲಿಟ್ಟು ಹಿಂದಿನ ಖಾಲಿ ಪ್ಲಾಟಿನಲ್ಲಿ ಬಿಟ್ಟರಾಯಿತು ಎಂದು ಸಲೀಸಾಗಿ ಹೇಳಿದರು. ಬಿಟ್ಟ ಮೊಟ್ಟೆಯ ಹತ್ತಿರ ಹಕ್ಕಿ ಹೋಗುವುದಿಲ್ಲ, ನಾಯಿ ಹೋಗುತ್ತದೆ ಎಂದೆ. ಹಾಗಾದರೆ ಏನು ಮಾಡುವುದು ಎಂದರು. ಕಾಯುವುದು ಎಂದೆ.

"ಜಯಲತಕ್ಕ, ಮೂರು ವರ್ಷ ನನ್ನ ತಲೆ ತಿಂದದ್ದು ನೀವೇ ಅಲ್ವಾ? ಈಗ ಕೆಲಸದವರು ಬಂದು ನಿಂತಿದ್ದಾರೆ, ನೀವೇ ಬೇಡ ಅಂತೀರಲ್ಲ ಮಾರಾಯ್ರೆ."

ಅಷ್ಟರಲ್ಲಿ ಹಕ್ಕಿ ಆಕಾಶದಿಂದ ನೆಟ್ಟಗೆ ಅವರ ಬೋಳುತಲೆಗೆ ಗುರಿಯಿಟ್ಟು ಇಳಿಯಿತು. ಅವರು ಬಾಗಿಲಿನೊಳಗೆ ಓಡಿ, ಅಲ್ಲಿಂದಲೇ ತೀರ್ಮಾನ ಹೇಳಿದರು. ಉಳಿದ ಟೆರೇಸಿನ ಕೆಲಸ ನಿಲ್ಲುವುದಿಲ್ಲ. ಹಕ್ಕಿಯ ಸುತ್ತಲಿನ ಜಾಗ ಬಿಟ್ಟುಬಿಡುತ್ತಾರೆ. ಮಳೆ ಹಿಡಿಯುವ ಮೊದಲು ಅದು ಖಾಲಿಯಾದರೆ ಮುಚ್ಚುತ್ತಾರೆ, ಇಲ್ಲವಾದರೆ ಈ ಮಳೆಗಾಲಕ್ಕೆ ಅಷ್ಟೇ, ಆಮೇಲೆ ಸೋರಿತು ಎಂದು ಜಯಲತಕ್ಕ ದೂರು ತರಬಾರದು. ನಾನು ಒಪ್ಪಿದೆ. ನಮ್ಮ ಯಜಮಾನರಿಗೆ ಕಲ್ಯಾಣದಲ್ಲಿ ಹೋಟೆಲು. ಅವರು ಬಂದು ಸುದ್ದಿ ಕೇಳಿ, ಮೂರು ವರ್ಷ ಯುದ್ಧ ಮಾಡಿ ಗೆದ್ದ ಜಾಗವನ್ನು ಹಕ್ಕಿಗೆ ಉಂಬಳಿ ಕೊಟ್ಟೆಯಲ್ಲ ಎಂದು ನಕ್ಕರು. ಆ ದಿನ ಅವರಿಗೆ ಸಂಡಿಗೆ ಕರಿಯಲಿಲ್ಲ.

ಯಂಕಪ್ಪನದು ಬೇರೆಯೇ ಭಯ.

"ಅಕ್ಕಾರ, ಟಿಟವಿ ಎತ್ತರದಾಗ ತತ್ತಿ ಇಟ್ರ ಮಳಿ ಜೋರು ಅಂತಾರ ನಮ್ಮ ಕಡೆ," ಎಂದ. "ಇದು ಐದು ಮಾಳ್ಗಿ ಏರಿ ಇಟ್ಟೈತಿ. ಈ ಸಲ ಏನೈತೋ ಏನೋ."

ಕೇಳಿ ನಾನು ಆಕಾಶ ನೋಡಿದೆ. ಆದರೂ ಅವನು ಕೆಲಸ ಮಾಡಿದ ರೀತಿಗೆ ಶಹಬ್ಬಾಸ್ ಎನ್ನಬೇಕು. ಎರಡು ಚಾಪೆ ಹಾಸುವಷ್ಟು ಜಾಗವನ್ನು ಹಾಗೇ ಬಿಟ್ಟು, ಅದರ ಸುತ್ತ ಗೇಣೆತ್ತರದ ಸಿಮೆಂಟಿನ ಬದು ಕಟ್ಟಿ, ಉಳಿದದ್ದಕ್ಕೆಲ್ಲ ಗಾರೆ ಹಾಕಿದ. ಹಸಿ ಗಾರೆ ಒಡೆಯದಂತೆ ಅದರ ಮೇಲೆ ನೀರು ಕಟ್ಟಿ ನಿಲ್ಲಿಸುವುದು ಅವರ ಪದ್ಧತಿ. ಹೀಗೆ ಇಡೀ ಟೆರೇಸು ಕೆರೆಯಾಯಿತು, ನಡುವೆ ಜಲ್ಲಿಯ ದ್ವೀಪ, ದ್ವೀಪದಲ್ಲಿ ಟಿಟ್ಟಿಭ. ಹೊಟ್ಟೆ ನೆನೆಸಲು ಟ್ಯಾಂಕಿಯ ಬುಡಕ್ಕೆ ಹೋಗುವ ಕೆಲಸ ಅದಕ್ಕೆ ತಪ್ಪಿತು.

ಮೊದಮೊದಲು ಅದು ಎಲ್ಲರ ತಲೆಗೂ ಎರಗಿತು. ಮರಗಮ್ಮ ಸಿಮೆಂಟು ಹೊರುವ ಕಬ್ಬಿಣದ ಘಮೇಲಾವನ್ನೇ ಬೋರಲು ಹಾಕಿ ತಲೆಗೆ ಇಟ್ಟುಕೊಂಡು, ಅತ್ತಿಯ ಮನಿಯಾಗೂ ಇಷ್ಟು ಬೈಸಿಕೊಂಡಿಲ್ಲ ಎಂದು ಗೊಣಗುತ್ತಾ ಓಡಾಡಿದಳು. ವಾರ ಕಳೆಯುವಷ್ಟರಲ್ಲಿ ಹಕ್ಕಿಗೆ ಅವರೆಲ್ಲ ಅಭ್ಯಾಸವಾದರು. ಕರಣೆಯ ಸದ್ದಿಗೆ ತಲೆಯೆತ್ತುತ್ತಲೂ ಇರಲಿಲ್ಲ. ನಾನು ಟ್ಯಾಂಕಿಯ ನೆರಳಿಗೆ ಮಣೆ ಹಾಕಿಕೊಂಡು ಬೆಂಡೆಕಾಯಿ ಹೆಚ್ಚಿದರೂ ಸುಮ್ಮನಿರುತ್ತಿತ್ತು. ಲೋಕನಾಥಣ್ಣನ ಬೋಳುತಲೆ ಮಾತ್ರ ಅದಕ್ಕೆ ಕೊನೆಯವರೆಗೂ ಅಭ್ಯಾಸವಾಗಲಿಲ್ಲ.

ಮೇಲೆ ಒಂದು ಬಾಣಂತನ, ಕೆಳಗೆ ಇನ್ನೊಂದರ ತಯಾರಿ. ಪೂಜಿತಾಳಿಗೆ ನಾನು ಮೊದಲೇ ಹೇಳಿಟ್ಟಿದ್ದೆ. ಬಾಣಂತನವೆಂದರೆ ನನ್ನ ಅಮ್ಮ ನನಗೆ ಮಾಡಿದ ಹಾಗೆ. ಕಿವಿಗೆ ಬಟ್ಟೆ, ಹಂಡೆಯಲ್ಲಿ ಕುದಿನೀರು, ಕಿಟಕಿ ಬಾಗಿಲು ಭದ್ರ, ಫ್ಯಾನಿನ ಮಾತೆತ್ತಬಾರದು. ಕೂಸಿಗೆ ಟೊಪ್ಪಿ, ಕಾಲುಚೀಲ, ಮೇಲೆ ಕಂಬಳಿ. ಅವಳು ಕಣ್ಣಗಲಿಸಿ, ಮಮ್ಮಿ ಇದು ಕಾಮೋಠೆ, ಟಾಪ್ ಫ್ಲೋರ್ ಎಂದಳು. ಬಾಣಂತಿಯ ಮೈ ಎಲ್ಲಿದ್ದರೂ ಬಾಣಂತಿಯದೇ ಎಂದು ಬಾಯಿ ಮುಚ್ಚಿಸಿದೆ.

ಜೂನ್ ಬಂತು. ಕಟಪಾಡಿಯಿಂದ ತಂಗಿ ಫೋನ್ ಮಾಡಿ ಮಳೆ ಹಿಡಿಯಿತು ಎಂದಳು. ಊರಿನ ಮಳೆಯ ಸುದ್ದಿಗೆ ಸಂಕಟಪಟ್ಟದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಆಮೇಲೆ ಕಾರವಾರ ಎಂದರು, ಗೋವಾ ಎಂದರು, ರತ್ನಾಗಿರಿ ಎಂದರು. ಕೊಂಕಣದ ರೈಲಿನ ಹಾಗೆ ಒಂದೊಂದೇ ಸ್ಟೇಷನ್ ದಾಟಿ ಮಳೆ ನಮ್ಮ ಕಡೆಗೇ ಬರುತ್ತಿತ್ತು. ನಾನು ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ, ಮೋಡ ನೋಡಿ, ಮೊಟ್ಟೆ ನೋಡಿ ಇಳಿಯುತ್ತಿದ್ದೆ.

ಒಂದು ಬೆಳಿಗ್ಗೆ ಮೇಲೆ ಹೋದರೆ ಕಲ್ಲುಗಳು ಓಡಾಡುತ್ತಿದ್ದವು. ಮೂರು ಮರಿ. ಮೈಯೆಲ್ಲ ಜಲ್ಲಿಯ ಬಣ್ಣದ ತುಪ್ಪಳ, ಅದರ ಕೆಳಗೆ ಕಡ್ಡಿಯಂಥ ಕಾಲು. ಹುಟ್ಟಿ ಎಷ್ಟು ಹೊತ್ತಾಗಿರಬೇಕು, ಆಗಲೇ ಅವು ಓಡಿ ಇರುವೆ ಹೆಕ್ಕುತ್ತಿದ್ದವು. ನಮ್ಮ ಮಕ್ಕಳಿಗೆ ಎದ್ದು ನಿಲ್ಲಲು ಒಂದು ವರ್ಷ ಬೇಕು, ತಟ್ಟೆಯಲ್ಲಿದ್ದದ್ದನ್ನು ತಾವೇ ತಿನ್ನಲು ಮದುವೆಯಾಗಬೇಕು. ತಾಯಿ ಒಂದು ಸಲ ಟಿಟ್ ಎಂದರೆ ಮೂರೂ ಇದ್ದಲ್ಲೇ ಕುಸಿದು ಕಲ್ಲಾಗುತ್ತಿದ್ದವು. ನಾನು ನೋಡುತ್ತಿದ್ದ ಹಾಗೇ ಮಾಯ. ಸಂತೋಷದಿಂದ ಕೈ ಮುಗಿದೆ. ಆಮೇಲೆ ತಗ್ಗಿನ ಕಡೆ ನೋಡಿದೆ. ನಾಲ್ಕನೆಯದು ಮೊಟ್ಟೆಯಾಗಿಯೇ ಇತ್ತು.

ನನ್ನ ಕಲ್ಲು. ಬೇರೆ ಯಾವುದೂ ಅಲ್ಲ, ಅದೇ. ಚೂಪು ತುದಿಯ ಹತ್ತಿರದ ದೊಡ್ಡ ಕಪ್ಪು ಕಲೆ ನನಗೆ ಕಂಠಪಾಠವಾಗಿತ್ತು.

ಕರ್ನಾಳದ ಗುಡ್ಡದ ಕಡೆ ಮೋಡ ಕಪ್ಪಾಗಿತ್ತು. ಯಂಕಪ್ಪ ಕೆಳಗೆ ಸಿಮೆಂಟಿನ ಮಾಲು ಕಲಸಲು ಹೇಳಿ ಬಂದಿದ್ದ. ಲೋಕನಾಥಣ್ಣ ಛತ್ರಿಯನ್ನು ತಲೆಗೆ ಅಡ್ಡ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೂರು ಹುಟ್ಟಿದವಲ್ಲ, ಇನ್ನು ಒಂದು ಹಾಳಾದದ್ದಿರಬೇಕು, ಇವತ್ತು ಮುಚ್ಚದಿದ್ದರೆ ನಾಳೆ ಮಳೆಯಲ್ಲಿ ಮುಚ್ಚಲಾಗುವುದಿಲ್ಲ ಎಂದರು. ಅವರು ಹೇಳಿದ್ದು ತಪ್ಪಲ್ಲ. ತಾಯಿ ಹಕ್ಕಿಯೂ ಗೋಡೆಯ ಅಂಚಿಗೆ ಹೋಗಿ ಮೂರು ಮರಿಗಳನ್ನು ಬಾ ಬಾ ಎಂದು ಕರೆಯಲು ಶುರುಮಾಡಿತ್ತು. ಟೆರೇಸಿನಲ್ಲಿ ಅವಕ್ಕೆ ತಿನ್ನಲು ಏನಿದೆ? ಹೋಗಲೇಬೇಕು. ಹೋದರೆ ಇದರ ಗತಿಯೇನು?

ನಾನು ಬದು ದಾಟಿ ಮಂಡಿಯೂರಿ, ತಗ್ಗಿಗೆ ಕಿವಿ ಕೊಟ್ಟೆ. ಮೊಟ್ಟೆಯೊಳಗಿಂದ ಸಣ್ಣದೊಂದು ಸದ್ದು ಬಂತು, ಚಿಮ್ ಎಂದು. ಕನ್ನಡಕ ಒರೆಸಿ ನೋಡಿದರೆ ದಪ್ಪ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು.

"ಯಂಕಪ್ಪ, ಜೀವ ಇದೆ," ಎಂದೆ. "ಸ್ವಲ್ಪ ನಿಲ್ಲು."

"ಕಲಸಿದ ಮಾಲು ಕಾಯಂಗಿಲ್ರಿ ಅಕ್ಕಾರ."

ನನಗೆ ಜಗಳ ಗೊತ್ತು, ಬೇಡಿಕೊಳ್ಳಲು ಗೊತ್ತಿಲ್ಲ. ಅವತ್ತು ಬೇಡಿಕೊಂಡೆ. ಆ ಕೋಣೆಯಲ್ಲಿ ಮಲಗಬೇಕಾದದ್ದು ನನ್ನ ಮೊಮ್ಮಗು, ಸೋರಿದರೆ ನೆನೆಯುವುದೂ ಅದೇ, ಅದು ನನಗೆ ಗೊತ್ತಿದೆ, ಆದರೂ ನಿಲ್ಲು ಎಂದೆ. ಯಂಕಪ್ಪ ನನ್ನನ್ನು ನೋಡಿದ, ಮೋಡವನ್ನು ನೋಡಿದ. ಮರಗಮ್ಮ ಕಲಸಿದ ಮಾಲನ್ನು ಹೊತ್ತು ಮೆಟ್ಟಿಲಿನ ಕಡೆ ನಡೆದಳು. ಮೆಟ್ಟಿಲಿನ ಒಡೆದ ಅಂಚುಗಳಿಗೆ ಅದನ್ನು ಮೆತ್ತಿ ಮುಗಿಸಿ, ಹೊಸದನ್ನು ಆಮೇಲೆ ಕಲಸೋಣ ಎಂದು ಗಂಡನಿಗೆ ಹೇಳಿದಳು. ಇವತ್ತಿಗೂ ನಮ್ಮ ಕಟ್ಟಡದಲ್ಲಿ ಅತ್ಯಂತ ಗಟ್ಟಿಯಾಗಿರುವುದು ಆ ಮೆಟ್ಟಿಲುಗಳೇ.

ನಾವೆಲ್ಲ ಟ್ಯಾಂಕಿಯ ಹಿಂದೆ ಸರಿದೆವು. ಗಂಡು ಹಕ್ಕಿ ಮೂರು ಮರಿಗಳನ್ನು ಕಾಯುತ್ತಾ ನಿಂತಿತು. ತಾಯಿ ಗೋಡೆಯಿಂದ ಇಳಿದು, ನೀರಲ್ಲಿ ಹೊಟ್ಟೆಯದ್ದಿ, ಬಂದು ಆ ಒಂದರ ಮೇಲೆ ಕೂತಿತು. ಬಿಸಿಲು ಏರಿತು. ಲೋಕನಾಥಣ್ಣ ಊಟಕ್ಕೂ ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಕ್ಕಿ ಎದ್ದು ಅರ್ಧ ಚಿಪ್ಪನ್ನು ಕೊಕ್ಕಿನಲ್ಲಿ ಕಚ್ಚಿ ದೂರ ಎಸೆಯಿತು. ತಗ್ಗಿನಲ್ಲಿ ಒದ್ದೆ ಮುದ್ದೆಯೊಂದು ಎದ್ದಿತು, ಬಿದ್ದಿತು, ಪುನಃ ಎದ್ದಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಳಗಳ ಅತ್ತೆ. ಪಕ್ಕದಲ್ಲಿ ಲೋಕನಾಥಣ್ಣ ಛತ್ರಿಯೊಳಗೆ ಮೂಗು ಸೀಟಿಕೊಂಡರು.

ಇನ್ನು ಇಳಿಸುವ ಕೆಲಸ. ಐದು ಮಾಳಿಗೆಯಿಂದ ಹಾರು ಎಂದು ಆ ಕಡ್ಡಿಕಾಲಿನವಕ್ಕೆ ಹೇಳಲು ನನಗೆ ಮನಸ್ಸಾಗಲಿಲ್ಲ. ಸಿಮೆಂಟು ಏರಿಸುವ ರಾಟೆ ಇತ್ತಲ್ಲ, ಘಮೇಲಾದಲ್ಲಿ ಒದ್ದೆ ಗೋಣಿ ಹಾಸಿ ಅದರಲ್ಲೇ ಇಳಿಸೋಣ ಎಂದ ಯಂಕಪ್ಪ. ಹಿಡಿಯಲು ಹೋದದ್ದೇ ತಾಯಿ ಟಿಟ್ ಎಂದಿತು, ನಾಲ್ಕೂ ಕಲ್ಲಾದವು. ಒಬ್ಬ ಸೆಕ್ರೆಟರಿ, ಒಬ್ಬ ಮೇಸ್ತ್ರಿ, ಇಬ್ಬರು ಹೆಂಗಸರು, ನಾಲ್ಕು ಕಾಲಿನ ಮೇಲೆ ತೆವಳುತ್ತಾ ಎರಡು ಚಾಪೆಯಗಲದ ಜಾಗದಲ್ಲಿ ಕಣ್ಣೆದುರಿಗಿದ್ದ ನಾಲ್ಕು ಮರಿಗಳನ್ನು ಹುಡುಕಿದೆವು. ನಾಲ್ಕನೆಯದನ್ನು ನಾನೇ ಎತ್ತಿದೆ. ಅಂಗೈಯಲ್ಲಿ ಅದೇ ಬಿಸಿ, ಅದೇ ಹಗುರ. ಈ ಸಲ ಅದರ ಎದೆ ಡವಡವ ಎನ್ನುತ್ತಿತ್ತು.

ಘಮೇಲಾ ಇಳಿಯಿತು. ಎರಡು ಹಕ್ಕಿಗಳು ಬೊಬ್ಬೆ ಹೊಡೆಯುತ್ತಾ ಅದರ ಸುತ್ತ ಸುತ್ತಿದವು. ಐದು ಮಾಳಿಗೆಯ ಬಾಲ್ಕನಿಗಳಲ್ಲೆಲ್ಲ ಜನ. ಅಷ್ಟರಲ್ಲಿ ಕೆಳಗೆ ಓಡಿ ಇಳಿದಿದ್ದ ಲೋಕನಾಥಣ್ಣ ಛತ್ರಿ ಬಿಚ್ಚಿಕೊಂಡೇ ಅದನ್ನು ಎತ್ತಿ, ಹಿಂದಿನ ಪ್ಲಾಟಿನ ಹುಲ್ಲಿಗೆ ಒಯ್ದು ವಾಲಿಸಿದರು. ತಾಯಿ ಇಳಿದು ಕರೆಯಿತು. ನಾಲ್ಕು ಮರಿಗಳು ಅದರ ಹಿಂದೆ ಓಡಿ, ನಾಲೆಯ ಕೆಸರಿನ ಕಡೆ ಹೋಗಿ, ಮಣ್ಣಿನಲ್ಲಿ ಮಣ್ಣಾಗಿ ಕಾಣದಾದವು. ಆ ಸಂಜೆಯೇ ಯಂಕಪ್ಪ ಉಳಿದ ತುಂಡನ್ನೂ ಮುಚ್ಚಿದ. ಹೊರಡುವಾಗ ಮರಗಮ್ಮನ ಸೆರಗಿಗೆ ಒಂದು ಡಬ್ಬ ಸಂಡಿಗೆ ಕಟ್ಟಿದೆ.

ಇನ್ನು ಬರಲಿ ಮಳೆ ಎಂದು ಕಾದೆ. ಬರಲಿಲ್ಲ. ರತ್ನಾಗಿರಿಯ ಹತ್ತಿರ ಅದು ಅಂಗಡಿ ಇಟ್ಟುಕೊಂಡು ಕೂತಿತು. ಐದು ಮಾಳಿಗೆ ಎತ್ತರದ ಮೊಟ್ಟೆಗೆ ಯಂಕಪ್ಪ ಹೇಳಿದ ಪ್ರಳಯವೂ ಇಲ್ಲ, ನಾಲ್ಕು ಹನಿಯೂ ಇಲ್ಲ. ಕಪ್ಪು ಮೋಡವೂ ಚದುರಿ ಆಕಾಶ ಬೋಳಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ಇದಕ್ಕೇ. ಆ ಉರಿಬಿಸಿಲಿನಲ್ಲೇ ಪೂಜಿತಾ ಹೆತ್ತಳು, ಹೆಣ್ಣುಮಗು. ಮನೆಗೆ ಕರೆತಂದು ಹಿಂದಿನ ಕೋಣೆಯಲ್ಲಿ ಮಲಗಿಸಿದೆ. ಮೂರು ವರ್ಷ ಬಯಸಿದ ಹಾಗೆ ಚಾವಣಿ ಒಣಗಿ ಗರಿಗರಿಯಾಗಿತ್ತು.

ಹೇಳಿದ ಹಾಗೆಯೇ ಬಾಣಂತನ ಶುರುಮಾಡಿದೆ. ಮಗಳ ಕಿವಿಗೆ ಬಟ್ಟೆ, ಕಿಟಕಿ ಭದ್ರ, ಕೂಸಿಗೆ ಟೊಪ್ಪಿ, ಕಂಬಳಿ. ಫ್ಯಾನು ಮಾತ್ರ ಅವಳು ಹಟ ಹಿಡಿದು ಒಂದರಲ್ಲಿ ತಿರುಗಿಸಿಕೊಂಡಿದ್ದಳು. ಎರಡನೆಯ ದಿನ ಮಧ್ಯಾಹ್ನ ರಸ್ತೆಯ ಟ್ರಾನ್ಸ್‌ಫಾರ್ಮರ್ ಢಂ ಎಂದಿತು, ಅದೂ ನಿಂತಿತು. ಸ್ಲ್ಯಾಬು ಕಾದ ಕಾವಲಿಯಾಯಿತು. ಕೂಸು ಮೈಯೆಲ್ಲ ಕೆಂಪಾಗಿ, ಅತ್ತೂ ಅತ್ತೂ ದನಿ ಒಡೆಯಿತು. ಪೂಜಿತಾ ಬೆವರಿನಲ್ಲಿ ಮುಳುಗಿ, ಕಿವಿಗೆ ಕಟ್ಟಿದ ಬಟ್ಟೆಯಲ್ಲೇ ಕಣ್ಣೊರೆಸುತ್ತಾ ನನ್ನನ್ನು ನೋಡಿದಳು. ಅವಳು ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ.

ನಾನು ಹುಟ್ಟಿದ ಮನೆಯ ಬಾಣಂತನ ಹೊರಗೆ ಧೋ ಎನ್ನುವ ಮಳೆ, ಒಳಗೆ ಹಸಿ ನೆಲ ಇದ್ದಾಗ ಕಲಿತದ್ದು. ಅಲ್ಲಿ ಕೂಸಿಗೆ ಬೇಕಾದದ್ದು ಬಿಸಿ. ಇಲ್ಲಿ, ಈ ಸ್ಲ್ಯಾಬಿನ ಕೆಳಗೆ, ಅದೇ ಬಿಸಿಯಲ್ಲಿ ನಾನು ಕೂಸನ್ನು ಬೇಯಿಸುತ್ತಿದ್ದೆ. ಬಿಸಿಲಲ್ಲಿ ಕೂಸನ್ನು ಕಾಯುವುದು ಹೇಗೆಂದು ಇದೇ ಚಾವಣಿಯ ಮೇಲ್ಬದಿಯಲ್ಲಿ ಒಂದು ಹಕ್ಕಿ ಒಂದು ತಿಂಗಳು ನನ್ನ ಕಣ್ಣೆದುರೇ ಮಾಡಿ ತೋರಿಸಿತ್ತು. ನಾನು ಮೋಡ ನೋಡುತ್ತಾ ಕೂತಿದ್ದೆ.

ಕಿಟಕಿಗಳನ್ನು ದಡಬಡ ತೆರೆದೆ. ಮಗಳ ಕಿವಿಯ ಬಟ್ಟೆ ಬಿಚ್ಚಿ ಎಸೆದೆ. ಟೊಪ್ಪಿ, ಕಾಲುಚೀಲ, ಕಂಬಳಿ ಎಲ್ಲ ಮೂಲೆ ಸೇರಿದವು. ಸಂಡಿಗೆಯ ಆ ಬಿಳಿ ಸೀರೆಯನ್ನು ಬಕೆಟಿನಲ್ಲಿ ಅದ್ದಿ, ಹಿಂಡದೆ ಹಾಗೇ ಹೆಗಲಿಗೆ ಹೊದ್ದು, ತೊಟ್ಟಿಲಿನ ಬಿಸಿಲಿನ ಬದಿಗೆ ನಿಂತು ಎರಡೂ ಕೈ ಅಗಲಿಸಿ ಬಗ್ಗಿದೆ. ಕಿಟಕಿಯ ಗಾಳಿ ಸೀರೆಯನ್ನು ಹಾದು ಕೂಸಿನ ಮೇಲೆ ತಣ್ಣಗೆ ಇಳಿಯಿತು. ಒಂದು ಹನಿ ಅದರ ಅಂಗಾಲಿಗೆ ಬಿತ್ತು. ಕೂಸು ಅಳು ನಿಲ್ಲಿಸಿ, ಕಾಲು ಅಲ್ಲಾಡಿಸಿ, ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು.

ಪೂಜಿತಾ ಗೋಡೆಗೊರಗಿ ನಗಲು ಶುರುಮಾಡಿದಳು. ಅಳುತ್ತಲೂ ಇದ್ದಳು.

"ಮಮ್ಮಿ," ಎಂದಳು, "ಟಿಟವಿಗೆ ಬೊಬ್ಬೆ ಹೊಡೆಯೋದು ನೀನೇ ಕಲಿಸಿದ್ದು. ಇದನ್ನು ಮಾತ್ರ ಅದು ನಿನಗೆ ಕಲಿಸಿತು."

ನಾನು ಅಲ್ಲಾಡಲಿಲ್ಲ. ಸೀರೆಯ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ನೆಲದಲ್ಲಿ ಹರಿದು ಬಾಗಿಲಿನವರೆಗೆ ಹೋಗಿತ್ತು. ಆ ಹೊತ್ತಿಗೇ ಕೂಸನ್ನು ನೋಡಲೆಂದು ಲೋಕನಾಥಣ್ಣ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ನೀರು ಕಾಲಿಗೆ ತಾಗಿ ಅವರ ಮುಖ ಬಿಳಿಚಿತು. ಕೂಸನ್ನು ಬಿಟ್ಟು ಚಾವಣಿಯನ್ನೇ ಹುಡುಕತೊಡಗಿದರು.

"ಅಯ್ಯೋ ಜಯಲತಕ್ಕ, ಪುನಃ ಸೋರ್ತಾ ಉಂಟಾ?"

"ಮೆಲ್ಲ ಮಾತಾಡಿ, ಮಗು ಮಲಗಿದೆ," ಎಂದೆ. "ಚಾವಣಿ ಸೋರುವುದಿಲ್ಲ ಲೋಕನಾಥಣ್ಣ. ಈ ಸಲ ಸೋರುತ್ತಿರುವುದು ನಾನು."